ಇಯಾನ್ ಡೊನಾಲ್ಡನ ಚರಿತ್ರೆ

ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯ ಮನೆಗಳಲ್ಲಿ ಹುಡುಗಿಗೆ ಹೊಟ್ಟೆನೋವು ಬಂದರೆ ಜೀರಿಗೆ ಕಷಾಯ ಕುಡಿಸಿ ಮಲಗಿಸುವದು ವಾಡಿಕೆ. ತಿಂಗಳ ನೋವಾದರೆ ಅದರಿಂದ ಬಾಧೆಯಿಲ್ಲ. ಆದರೆ ನೋವು ಹಠಾತ್ತಾಗಿ ಒಂದೇ ಪಕ್ಕದಲ್ಲಿ ಹಿಡಿದು ವಾಂತಿಯೂ ಆಗತೊಡಗಿದರೆ, ಅಂಡಾಶಯವು ತನ್ನ ತೊಟ್ಟಿನ ಮೇಲೆ ತಿರುಚಿಕೊಂಡಿರಬಹುದು. ಬಲಗಡೆಯಾದರೆ ಅಪೆಂಡಿಕ್ಸಿನ ಬಾವೂ ಇರಬಹುದು. ಹೊಟ್ಟೆಯನ್ನು ಕೈಯಿಂದ ಒತ್ತಿ ನೋಡಿ ಇವೆರಡನ್ನು ಬೇರ್ಪಡಿಸುವದು ನುರಿತ ವೈದ್ಯರಿಗೂ ಕಷ್ಟ. ಕೊಯ್ಯದೆ ಒಳಗನ್ನು ನೋಡುವ ಉಪಾಯವನ್ನು ಸ್ತ್ರೀರೋಗ ಚಿಕಿತ್ಸೆಗೆ ತಂದವರಲ್ಲಿ ಮುಖ್ಯನಾದ ಇಯಾನ್ ಡೊನಾಲ್ಡನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗಾಗಿಯೂ ಪಾಲಕರಿಗಾಗಿಯೂ ಸಂಕ್ಷೇಪವಾಗಿ ಬರೆಯುತ್ತೇವೆ.

ಈತನು 1910ನೆಯ ಇಸವಿ ದಶಂಬರ 27ರಂದು ಇಂಗ್ಲಂಡದ ಕಾರ್ನ್‌ವಾಲ್ ಪ್ರಾಂತದಲ್ಲಿ ವೈದ್ಯರ ಮನೆತನದಲ್ಲಿ ಜನಿಸಿದನು. ದಕ್ಷಿಣ ಆಫ್ರಿಕೆಯಲ್ಲಿ ಕಲಿತು, 1937ರಲ್ಲಿ ಲಂಡನ್ನಿನಲ್ಲಿ ವೈದ್ಯಪದವಿ ಪಡೆದನು. ಎರಡನೆಯ ಮಹಾಯುದ್ಧದಲ್ಲಿ ವಿಮಾನಪಡೆಯ ವೈದ್ಯನಾಗಿದ್ದು, ಉರಿಯುವ ವಿಮಾನದೊಳಗಿಂದ ವೈಮಾನಿಕರನ್ನು ಹೊರಗೆಳೆದು ಸರಕಾರದ ಗೌರವಕ್ಕೆ ಪಾತ್ರನಾದನು. ಪ್ರತಿಧ್ವನಿಯಿಂದ ಮರೆಯಲ್ಲಿರುವ ವಸ್ತುವನ್ನು ಗುರುತಿಸುವ ಯಂತ್ರಗಳ ಪರಿಚಯವೂ ಅಲ್ಲಿಯೇ ಆಯಿತು. 1954ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕನಾದನು.

ಆ ಊರಿನ ಬಳಿಯ ಉಗಿಪಾತ್ರೆಗಳ ಕಾರಖಾನೆಯೊಂದರಲ್ಲಿ ಲೋಹದ ಬೆಸುಗೆಯೊಳಗಿನ ಬಿರುಕನ್ನು ಹುಡುಕಲು, ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಧ್ವನಿಯನ್ನು ಉಪಯೋಗಿಸುತ್ತಿದ್ದರು. 1955ರ ಜುಲೈಯಲ್ಲಿ ಡೊನಾಲ್ಡನು ರೋಗಿಗಳಿಂದ ಆಗತಾನೆ ತೆಗೆದ ಗಡ್ಡೆಗಳನ್ನೂ ಅಂಡಾಶಯದ ನೀರುಗುಳ್ಳೆಗಳನ್ನೂ ಮೋಟಾರಿನಲ್ಲಿ ತುಂಬಿಕೊಂಡು ಅಲ್ಲಿಗೆ ಹೋದನು. ಹೋಲಿಸಿ ನೋಡಲು ಕಾರಖಾನೆಯವರು ದನದ ಮಾಂಸದ ದೊಡ್ಡ ತುಂಡನ್ನು ಒದಗಿಸಿದ್ದರು. ಗಟ್ಟಿಯಾದ ಗಡ್ಡೆಯ ಪ್ರತಿಧ್ವನಿ ಬೇರೆ, ನೀರು ತುಂಬಿದ ಗುಳ್ಳೆಯದೇ ಬೇರೆ ಎಂಬುದು ಯಂತ್ರದಲ್ಲಿ ಸ್ಪಷ್ಟವಾಗಿ ಕಂಡಿತು. ಅಂಥ ಯಾತ್ರೆಗೆ ಹೊರಟ ಪ್ರಾಧ್ಯಾಪಕನನ್ನು ಕಂಡು ಜನರು ನಕ್ಕಿದ್ದರೆ ನಾವು ಆಶ್ಚರ್ಯಪಡೆವು! ಮುಂದೆ ಟಾಮ್ ಬ್ರೌನ್ ಎಂಬ ತರುಣ ಯಂತ್ರಶಿಲ್ಪಿಯೂ ಜಾನ್ ಮ್ಯಾಕ್‌ವಿಕಾರ್ ಎಂಬ ವೈದ್ಯನೂ ಈತನ ಜೊತೆಗೂಡಿದರು.

ಆಗ ಹೊಟ್ಟೆಯುಬ್ಬಿದ ಒಬ್ಬ ಸ್ತ್ರೀಗೆ ವಾಸಿಯಾಗದ ಜಠರದ ಕ್ಯಾನ್ಸರವೆಂದು ಇತರ ವೈದ್ಯರು ನಿಶ್ಚಯಿಸಿ ಆಶೆ ಬಿಟ್ಟಿದ್ದರು. ಡೊನಾಲ್ಡನ ಯಂತ್ರವು ಅದು ಅಂಡಾಶಯದ ಭಾರೀ ನೀರುಗುಳ್ಳೆಯೆಂದು ತೋರಿಸಿತು. ಶಸ್ತ್ರಕ್ರಿಯೆಯಿಂದ ಅದನ್ನು ತೆಗೆಯಲಾಗಿ ಆಕೆ ಬದುಕಿದಳು. ಈ ಮೂವರ ಲೇಖನವು 1958ರ ಜೂನ್ 7ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂದಿನ ಸ್ಕ್ಯಾನಿಂಗ್ ಯಂತ್ರವು ಅದೇ ವಂಶದ್ದು. ತಿರುಚಿದ ಅಂಡಾಶಯವು ಅದರಲ್ಲಿ ಊದಿಕೊಂಡು ಕಾಣುವದು. ರಕ್ತದ ಓಟವನ್ನು ತೋರಿಸುವ ಡಾಪ್ಲರ್ ಪರೀಕ್ಷೆಯೂ ಉಂಟು. ಆದರೆ ಓಟ ಕಂಡಿತೆಂದ ಮಾತ್ರಕ್ಕೆ ತಿರುಚಿಲ್ಲವೆಂದು ಹೇಳಲಾಗದು. ಸಂಶಯ ಉಳಿದರೆ ವೈದ್ಯರು ಶಸ್ತ್ರಕ್ರಿಯೆಯಿಂದಲೇ ನೋಡುವರು. ಹುಡುಗಿಯರಿಗೆ ಹೊಟ್ಟೆಯ ಮೇಲಿಂದಲೇ ಪರೀಕ್ಷೆ ನಡೆಯುವದು, ಕ್ಷ-ಕಿರಣದ ಸೋಂಕಿಲ್ಲ. ಪಾಲಕರು ಸಂಕೋಚಪಡಲು ಕಾರಣವೇ ಇಲ್ಲ. ರಕ್ತ ನಿಂತ ಅಂಡಾಶಯವು ಗಂಟೆಗಳ ಲೆಕ್ಕದಲ್ಲಿ ಕೆಡುವದು, ಕಾಡುದಾರಿಯ ಹಳ್ಳಿಯಿಂದ ಸಿರ್ಸಿಗೋ ಹುಬ್ಬಳ್ಳಿಗೋ ತಲುಪುವಷ್ಟರಲ್ಲಿಯೇ ಕೆಲವು ಗಂಟೆಗಳು ಕಳೆದಿರುವವು.

ಇದೇ ಯಂತ್ರದಿಂದ ಗರ್ಭದ ಶಿಶು ಹೆಣ್ಣೆಂದು ತಿಳಿದು ಅಳಿಸುವ ದುರಾಚಾರವೂ ನಮ್ಮ ದೇಶದಲ್ಲಿ ಹಬ್ಬಿದ್ದರಿಂದ 1994ರಲ್ಲಿ ಅದನ್ನು ನಿಷೇಧಿಸುವ ಕಾಯದೆಯಾಯಿತು. ಗರ್ಭಪಾತವನ್ನು ಬಲವಾಗಿ ವಿರೋಧಿಸುತ್ತಿದ್ದ ಡೊನಾಲ್ಡನು ಆ ಕಾಯದೆಯನ್ನು ಕಾಣಲಿಲ್ಲ. ಬಹುಕಾಲ ಹೃದ್ರೋಗದಿಂದ ನರಳಿ, ಹಲವು ಸಲ ಶಸ್ತ್ರಕ್ರಿಯೆಗೆ ಒಳಗಾಗಿಯೂ ಕೆಲಸ ಬಿಡದೆ, 1987ರ ಜೂನ್ 19ರಂದು ಎಸೆಕ್ಸ್ ಪ್ರಾಂತದಲ್ಲಿ ತೀರಿಕೊಂಡನು.