ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ ಲೀವೆನ್‌ಹೂಕನ ಚರಿತ್ರೆ

ಕರುಳಿನ ರೋಗಗಳ ಮಾತು ಬಂದೊಡನೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವ ವಾಡಿಕೆಯು ನಮ್ಮ ಮನೆಗಳಿಂದ ಇನ್ನೂ ಪೂರ್ಣವಾಗಿ ತೊಲಗಿಲ್ಲ. ಮಗುವಿಗೆ ಭೇದಿಯಾದರೆ ಅದನ್ನು ವೈದ್ಯರ ಮುಂದೆ ವಿವರವಾಗಿ ಹೇಳಲು ಸಂಕೋಚಪಡುವ ತಾಯಂದಿರು ಈಗಲೂ ಇದ್ದಾರೆ. ಆದರೆ ಆ ಕರುಳಿನೊಳಗಣ ಸೂಕ್ಷ್ಮಜೀವಿಗಳನ್ನು ಮೊತ್ತಮೊದಲು ಕಣ್ಣಾರೆ ಕಂಡವನು ಇಂಥ ಸಂಕೋಚವನ್ನು ಬದಿಗಿಟ್ಟ ಒಬ್ಬ ಗೃಹಸ್ಥನು. ಅವನು ವೈದ್ಯನೂ ಅಲ್ಲ, ಪಂಡಿತನೂ ಅಲ್ಲ. ಅವನ ಜೀವಿತವನ್ನು ಸಂಕ್ಷೇಪವಾಗಿ ನಮ್ಮ ಪೂರ್ವ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದಿಡುತ್ತೇವೆ.

ಅಂಟೊನಿ ವಾನ್ ಲೀವೆನ್‌ಹೂಕನು 1632ನೆಯ ಇಸವಿ ಅಕ್ಟೋಬರ್ 24ರಂದು ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಜನಿಸಿದನು. ತಂದೆಯು ಬುಟ್ಟಿ ಹೆಣೆಯುವವನು. ಮಗನು ಇನ್ನೂ ಬಾಲಕನಾಗಿರುವಾಗಲೇ ತೀರಿಕೊಂಡನು. ಅಂಟೊನಿಗೆ ವಿಶ್ವವಿದ್ಯಾನಿಲಯದ ಶಿಕ್ಷಣವು ದೊರೆಯಲಿಲ್ಲ. ಆ ಕಾಲದ ವಿದ್ವಾಂಸರ ಭಾಷೆಯಾದ ಲ್ಯಾಟಿನನ್ನು ಅವನು ಅರಿಯನು. ತಾಯ್ನುಡಿಯಾದ ಡಚ್ ಭಾಷೆಯೊಂದೇ ಅವನ ಸೊತ್ತು. 1648ರಲ್ಲಿ ಆಮ್‌ಸ್ಟರ್‌ಡಾಮಿಗೆ ಹೋಗಿ ಜವಳಿ ಅಂಗಡಿಯಲ್ಲಿ ಕೆಲಸ ಕಲಿತನು. 1654ರಲ್ಲಿ ಊರಿಗೆ ಮರಳಿ ವಿವಾಹವಾಗಿ ತಾನೇ ಬಟ್ಟೆಯಂಗಡಿಯನ್ನಿಟ್ಟನು. 1660ರಲ್ಲಿ ಪಟ್ಟಣದ ಆಡಳಿತದಲ್ಲಿ ಒಂದು ಸಣ್ಣ ಉದ್ಯೋಗವೂ ದೊರೆಯಿತು. ಹುಟ್ಟಿದ ಐದು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಹೋದರು. 1666ರಲ್ಲಿ ಹೆಂಡತಿಯೂ ಮರಣ ಹೊಂದಿದಳು. ಉಳಿದವಳು ಮರಿಯಾ ಎಂಬ ಮಗಳೊಬ್ಬಳೇ.

ನೂಲಿನ ಗುಣವನ್ನು ಪರೀಕ್ಷಿಸಲು ಬಟ್ಟೆ ವ್ಯಾಪಾರಿಗಳು ಭೂತಕನ್ನಡಿಯನ್ನು ಉಪಯೋಗಿಸುವುದುಂಟು. ಲೀವೆನ್‌ಹೂಕನು ಅದಕ್ಕಿಂತ ಬಹಳ ಹೆಚ್ಚು ಶಕ್ತಿಯುಳ್ಳ ಮಸೂರಗಳನ್ನು ತನ್ನ ಕೈಯಿಂದಲೇ ಮಾಡತೊಡಗಿದನು. ಎರಡು ಪುಟ್ಟ ಲೋಹದ ತಗಡುಗಳ ನಡುವೆ ಒಂದು ಕಿರಿದಾದ ಮಸೂರ, ಅದರ ಮುಂದೆ ವಸ್ತುವನ್ನು ನಿಲ್ಲಿಸಲು ಒಂದು ಮೊಳೆ. ಇಷ್ಟೇ ಅವನ ಯಂತ್ರ. ಅದನ್ನು ಕಣ್ಣಿಗೆ ಹತ್ತಿಸಿ ಬೆಳಕಿನ ಕಡೆಗೆ ಹಿಡಿದು ನೋಡಬೇಕಾಗಿತ್ತು. ಈಗ ಉಳಿದಿರುವ ಅಂಥ ಒಂದು ಯಂತ್ರವು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

1673ರಲ್ಲಿ ವೈದ್ಯನಾದ ರೈನಿಯರ್ ಡಿ ಗ್ರಾಫನು ಇವನನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರದ ಮೂಲಕ ಪರಿಚಯಿಸಿದನು. 1676ರಲ್ಲಿ ನೀರಿನ ಹನಿಯೊಳಗೆ ಜೀವಿಗಳು ಓಡಾಡುತ್ತಿವೆಯೆಂದು ಇವನು ಬರೆದಾಗ ಅಲ್ಲಿನ ವಿದ್ವಾಂಸರು ಸಂದೇಹಪಟ್ಟರು. ಆದಕಾರಣ ಪಾದ್ರಿಗಳೂ ಸೇರಿದಂತೆ ಎಂಟು ಮಂದಿ ಗೌರವಸ್ಥರಿಗೆ ಅವುಗಳನ್ನು ತೋರಿಸಿ, ಅವರ ಸಾಕ್ಷ್ಯವನ್ನು ಬರೆಯಿಸಿ ಕಳುಹಿದನು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ಕನು ತಾನೇ ಪ್ರಯೋಗ ಮಾಡಿ ಆ ಜೀವಿಗಳನ್ನು ಕಂಡ ಮೇಲೆ ಸಂದೇಹವು ತೀರಿತು. 1680ರಲ್ಲಿ ಲ್ಯಾಟಿನ್ ಬಾರದ ಈ ವ್ಯಾಪಾರಿಯು ಸೊಸೈಟಿಯ ಸದಸ್ಯನಾಗಿ ಆರಿಸಲ್ಪಟ್ಟನು.

ನಾವು ವಿಶೇಷವಾಗಿ ಹೇಳಬೇಕೆಂದಿರುವ ಸಂಗತಿಯು 1681ರ ನವೆಂಬರ್ ತಿಂಗಳಿನ ಪತ್ರದಲ್ಲಿದೆ. ಆಗಾಗ್ಗೆ ಹೊಟ್ಟೆ ಸಡಿಲವಾಗುತ್ತಿದ್ದುದರಿಂದ ಅವನು ತನ್ನ ಮಲವನ್ನೇ ಯಂತ್ರದ ಕೆಳಗಿಟ್ಟು ನೋಡಿದನು. ಉದ್ದವು ಅಗಲಕ್ಕಿಂತ ತುಸು ಹೆಚ್ಚಾಗಿ, ಚಪ್ಪಟೆ ಹೊಟ್ಟೆಯುಳ್ಳ, ಸಣ್ಣ ಕಾಲುಗಳಂತಿರುವ ಅವಯವಗಳನ್ನು ಬಡಿಯುತ್ತಾ ಚಲಿಸುವ ಜೀವಿಗಳು ಕಂಡುಬಂದುವು. ಅವುಗಳೊಡನೆ ಇನ್ನೂ ಬಹಳ ಚಿಕ್ಕವಾದ ಬೇರೆ ಜಾತಿಯ ಜೀವಿಗಳೂ ಇದ್ದುವು. ಮಲವು ಗಟ್ಟಿಯಾಗಿದ್ದ ದಿನಗಳಲ್ಲಿ ಅವು ಕಾಣಲಿಲ್ಲವೆಂಬುದನ್ನೂ ಅವನು ಗುರುತುಮಾಡಿದನು. ಕಂಡುದನ್ನು ಕಂಡಂತೆ ಬರೆದನೇ ಹೊರತು ಹೆಚ್ಚೇನನ್ನೂ ಊಹಿಸಿ ಸೇರಿಸಲಿಲ್ಲ. ಈ ಬರಹವು ಎಷ್ಟು ನಿಖರವಾಗಿತ್ತೆಂದರೆ, 1920ರಲ್ಲಿ ಇಂಗ್ಲೆಂಡಿನ ಕ್ಲಿಫರ್ಡ್ ಡೊಬೆಲ್ ಎಂಬ ವಿಜ್ಞಾನಿಯು ಅದನ್ನೋದಿ, ಆ ದೊಡ್ಡ ಜೀವಿಯು ಭೇದಿಯನ್ನುಂಟುಮಾಡುವ ಜಿಯಾರ್ಡಿಯಾ ಎಂಬ ಪರೋಪಜೀವಿಯೇ ಎಂದು ನಿರ್ಣಯಿಸಲು ಶಕ್ತನಾದನು. ಚಿಕ್ಕವುಗಳು ಬ್ಯಾಕ್ಟೀರಿಯಾಗಳು.

ಹೀಗೆ ಪರೋಪಜೀವಿಯೂ ಬ್ಯಾಕ್ಟೀರಿಯಾವೂ ಒಂದೇ ಹನಿಯಲ್ಲಿ ಒಬ್ಬನ ಕಣ್ಣಿಗೆ ಬಿದ್ದುವು. ಇವೆರಡೂ ಬರಿಯ ನೆರೆಹೊರೆಯವುಗಳಲ್ಲ, ಒಂದರ ಬಾಳು ಇನ್ನೊಂದನ್ನು ಅವಲಂಬಿಸಿದೆಯೆಂಬುದು ಸ್ಪಷ್ಟವಾಗಲು ಸುಮಾರು ಮುನ್ನೂರು ವರ್ಷಗಳು ಬೇಕಾದುವು. 1955ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಸಾಕಿದ ಗಿನಿ ಹಂದಿಗಳಿಗೆ ಆಮಶಂಕೆಯ ಅಮೀಬಾವನ್ನು ಕೊಟ್ಟಾಗ ಕರುಳಿನಲ್ಲಿ ಹುಣ್ಣಾಗಲಿಲ್ಲ. ಬ್ಯಾಕ್ಟೀರಿಯಾಗಳಿದ್ದ ಪ್ರಾಣಿಗಳಲ್ಲಿ ರೋಗವುಂಟಾಯಿತು. 2000ದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇದಕ್ಕೆ ವಿಪರೀತವಾದುದು ಕಂಡುಬಂದಿತು. ಅಲ್ಲಿ ಕರುಳಿನ ಸಹಜ ಬ್ಯಾಕ್ಟೀರಿಯಾಗಳೇ ಜಿಯಾರ್ಡಿಯಾವನ್ನು ನೆಲೆಗೊಳ್ಳದಂತೆ ತಡೆಯುತ್ತಿದ್ದುವು. ಔಷಧದಿಂದ ಅವುಗಳನ್ನು ಕುಗ್ಗಿಸಿದಾಗ ಪರೋಪಜೀವಿಯು ನೆಲೆಯೂರಿತು. 2010ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನಿಗಳು ಇಲಿಗಳ ಚಾಟಿಹುಳುವಿನ ಮೊಟ್ಟೆಯು ಒಡೆಯಬೇಕಾದರೆ ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿಕೊಳ್ಳಬೇಕೆಂದು ತೋರಿಸಿದರು. ಆದುದರಿಂದ ಇವುಗಳಲ್ಲಿ ಕೆಲವು ಕಾವಲುಗಾರರು, ಕೆಲವು ಕಳ್ಳನಿಗೆ ಬಾಗಿಲು ತೆರೆಯುವವರು. ಯಾವುದು ಯಾವಾಗ ಏನಾಗುವುದೆಂದು ಸುಲಭವಾಗಿ ಹೇಳಲಾಗದು.

ಲೀವೆನ್‌ಹೂಕನಲ್ಲಿ ಒಂದು ಕೊರತೆಯೂ ಇತ್ತು. ತನ್ನ ಅತ್ಯುತ್ತಮ ಮಸೂರಗಳ ರಹಸ್ಯವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ತರುಣರಿಗೆ ಈ ವಿದ್ಯೆಯನ್ನು ಕಲಿಸಬೇಕೆಂದು ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸನು ಸೂಚಿಸಿದಾಗಲೂ ಒಪ್ಪಲಿಲ್ಲ. ಶಿಷ್ಯರಿಲ್ಲದ ಗುರುವಿನ ವಿದ್ಯೆಯು ಅವನೊಡನೆಯೇ ಸಮಾಧಿ ಸೇರುವುದು. ಜಿಯಾರ್ಡಿಯಾವನ್ನು ಪ್ರಾಗ್ ನಗರದ ಲಾಂಬ್ಲ್ ಎಂಬ ವೈದ್ಯನು ಮತ್ತೆ ಕಂಡು ವರ್ಣಿಸಿದ್ದು 1859ರಲ್ಲಿ, ಎಂದರೆ 178 ವರ್ಷಗಳ ತರುವಾಯ. ಶಿಕ್ಷಕಿಯರಾದ ನಮಗೆ ಈ ಅಂತರವು ವ್ಯಥೆಯನ್ನುಂಟುಮಾಡುತ್ತದೆ.

1723ನೆಯ ಇಸವಿ ಆಗಸ್ಟ್ 26ರಂದು, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಅವಿವಾಹಿತಳಾಗಿ ಕೊನೆಯವರೆಗೂ ತಂದೆಯ ಮನೆಯನ್ನು ನಡೆಸಿದ ಮರಿಯಾ, ಅವನ ಇಚ್ಛೆಯಂತೆ 26 ಯಂತ್ರಗಳಿದ್ದ ಪೆಟ್ಟಿಗೆಯನ್ನು ರಾಯಲ್ ಸೊಸೈಟಿಗೆ ಕಳುಹಿದಳು. ಆ ಪೆಟ್ಟಿಗೆಯು ಮುಂದೆ ಅಲ್ಲಿಂದ ಕಾಣೆಯಾಯಿತು. ಪತ್ರಗಳಾದರೋ ಉಳಿದುವು.

ತಾಯಂದಿರೇ, ಪೂರ್ವ ವಿದ್ಯಾರ್ಥಿನಿಯರೇ, ಈ ಚರಿತ್ರೆಯಿಂದ ನಾವು ಮನೆಗೆ ಒಯ್ಯತಕ್ಕುದು ಬಹಳವಿಲ್ಲ. ಜಿಯಾರ್ಡಿಯಾವು ಮಲಿನವಾದ ನೀರಿನಿಂದಲೂ ತೊಳೆಯದ ಕೈಗಳಿಂದಲೂ ಹರಡುತ್ತದೆ. ಆದಕಾರಣ ನೀರನ್ನು ಕುದಿಸಿ ಕುಡಿಯಿಸಿರಿ, ಕೈಗಳನ್ನು ಸಾಬೂನಿನಿಂದ ತೊಳೆಯಿಸಿರಿ. ಕರುಳಿನ ಕಾವಲುಗಾರರನ್ನು ಕೊಲ್ಲಬಲ್ಲ ಆಂಟಿಬಯಾಟಿಕ್ ಮಾತ್ರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಮಕ್ಕಳಿಗೆ ಕೊಡಬೇಡಿರಿ. ಮಗುವಿಗೆ ಭೇದಿಯಾದಾಗ ಎಷ್ಟು ಸಲ, ಯಾವ ಬಗೆ, ಎಂದಿನಿಂದ ಎಂಬುದನ್ನು ನೋಡಿ, ನೆನಪಿಟ್ಟು, ನಾಚಿಕೆಯಿಲ್ಲದೆ ವೈದ್ಯರಿಗೆ ತಿಳಿಸಿರಿ. ಲ್ಯಾಟಿನ್ ಬಾರದ ವ್ಯಾಪಾರಿಯು ಮಾಡಿದ್ದು ಇಷ್ಟನ್ನೇ. ಇಷ್ಟನ್ನು ನಮ್ಮ ಶಾಲೆಯಲ್ಲಿ ಓದಿದ ಯಾವ ಹೆಣ್ಣುಮಗಳೂ ಮಾಡಬಲ್ಲಳು.