ಶಿವಶರಣ ಕುಂಬಾರ ಗುಂಡಯ್ಯನವರು

ಶರಣಶ್ರೇಷ್ಠರಾದ ಕುಂಬಾರ ಗುಂಡಯ್ಯನವರು ಭಲ್ಲುಕೆಯೆಂಬ ಪುರದಲ್ಲಿ ಬಾಳಿದವರು. ಇಂದಿನ ಬೀದರ ಜಿಲ್ಲೆಯ ಭಾಲ್ಕಿಯೇ ಆ ಪುರವು. ಇವರ ಧರ್ಮಪತ್ನಿಯಾದ ಕೇತಲದೇವಿಯವರೂ ಮಹಾಶರಣೆಯರು. ಗುಂಡಯ್ಯನವರ ಚರಿತ್ರೆಗೆ ಮುಖ್ಯವಾದ ಆಧಾರವೆಂದರೆ ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರ ಮಹಾಕವಿಯ ರಗಳೆ. ಆ ಕವಿಯು ಎತ್ತಿ ಹಾಡಿದುದು ವಂಶದ ಹಿರಿಮೆಯನ್ನಲ್ಲ, ಕೈಯ ಕಾಯಕವನ್ನು.

ಮಡಕೆಯ ಕೆಲಸವು ದುರ್ಗದ ಸೀಮೆಯ ಭಕ್ತರಿಗೆ ಹೊಸತಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಒಣನಾಡಿನಲ್ಲಿ ತಣ್ಣೀರು ನಿಲ್ಲುತ್ತಿದ್ದುದು ಗಡಿಗೆಯಲ್ಲಿ, ಅಂಬಲಿ ಬೇಯುತ್ತಿದ್ದುದು ಮಡಕೆಯಲ್ಲಿ, ಕಾಳು ಉಳಿಯುತ್ತಿದ್ದುದು ಗುಡಾಣದಲ್ಲಿ. ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯನ್ನು 1947ರಲ್ಲಿ ವೀಲರ್ ಎಂಬ ಪಂಡಿತರು ಅಗೆಸಿದಾಗ, ರೋಮಿನ ನಾಣ್ಯಗಳು ದೊರೆತ ನೆಲದಲ್ಲಿಯೇ ಬಿಳಿಯ ಗೆರೆಗಳ ಕೆಂಬಣ್ಣದ ಮಡಕೆಚೂರುಗಳೂ ದೊರೆತುವು. ಅರಸರ ಹೆಸರನ್ನು ನಾಣ್ಯವು ಹೇಳುತ್ತದೆ. ಕುಂಬಾರನ ಹೆಸರನ್ನು ಚೂರು ಹೇಳದು. ಆದುದರಿಂದಲೇ ಒಬ್ಬ ಕುಂಬಾರನ ಹೆಸರನ್ನು ಹರಿಹರನು ಕಾವ್ಯದಲ್ಲಿ ನಿಲಿಸಿದುದು ಸಣ್ಣ ಸಂಗತಿಯಲ್ಲ.

ಕೆರೆಯ ಜೇಡಿಯನ್ನು ತಂದು, ಹರಳು ಕಳೆದು, ನೀರೆರೆದು ತುಳಿದು ಹದಗೊಳಿಸಬೇಕು. ತಿರುಗುವ ತಿಗುರಿಯ ಮೇಲೆ ಕಂಠವೂ ಮೈಯೂ ಮೂಡುತ್ತವೆ. ಆದರೆ ಮಡಕೆಯು ಅಲ್ಲಿಗೆ ಮುಗಿಯದು. ಅರೆಬರೆ ಆರಿದ ಮೇಲೆ ಒಳಗೆ ಗುಂಡುಕಲ್ಲನ್ನು ಆನಿಸಿ, ಹೊರಗಿನಿಂದ ಮರದ ಹಲಗೆಯಿಂದ ತಟ್ಟಿ ತಟ್ಟಿ ಅದನ್ನು ತೆಳುವಾಗಿಯೂ ಗಟ್ಟಿಯಾಗಿಯೂ ಮಾಡುತ್ತಾರೆ. ಏಟು ಬಿರುಸಾದರೆ ಒಡೆಯುತ್ತದೆ, ಮೆತ್ತಗಾದರೆ ಸೋರುತ್ತದೆ. ಕೊನೆಗೆ ಆವಗೆಯ ಬೆಂಕಿ. ಅಕಾಲದಲ್ಲಿ ಮಳೆ ಸುರಿದರೆ ತಿಂಗಳ ದುಡಿಮೆಯು ಒಂದೇ ರಾತ್ರಿಯಲ್ಲಿ ಮಣ್ಣುಪಾಲು.

ಗುಂಡಯ್ಯನವರಿಗೆ ಈ ದುಡಿಮೆಯೇ ಶಿವಯೋಗವಾಗಿತ್ತು. ಹರಿಹರನ ವರ್ಣನೆಯಂತೆ ಅವರಿಗೆ ಷಟ್ಚಕ್ರಗಳೇ ತಿಗುರಿ, ಕಾಯವೇ ಮಣ್ಣು, ಭಕ್ತಿಯ ಸಾರವೇ ನೀರು, ಆಚಾರವೇ ಕೈಯ ಕೋಲು. ಪೂಜೆಗೊಂದು ಹೊತ್ತು, ಕೆಲಸಕ್ಕೊಂದು ಹೊತ್ತು ಎಂಬ ಭೇದವೇ ಅಲ್ಲಿಲ್ಲ.

ಒಂದು ದಿನ ಗುಂಡಯ್ಯನವರು ಶಿವಧ್ಯಾನದಲ್ಲಿ ಮೈಮರೆತು ಮಡಕೆಯನ್ನು ತಟ್ಟುತ್ತಿರಲು, ಆ ನಾದವು ಕೈಲಾಸಕ್ಕೆ ಮುಟ್ಟಿತಂತೆ. ಪರಶಿವನು ಆ ತಾಳಕ್ಕೆ ಮನಸೋತು ಕುಂಬಾರನ ಮನೆಗೇ ಬಂದು ನರ್ತಿಸಿದನು. ದೇವಾಲಯದ ಮದ್ದಲೆಗೆ ಬಾರದವನು ಹಸಿಮಣ್ಣಿನ ಸದ್ದಿಗೆ ಬಂದನೆಂಬುದು ಈ ಕಥೆಯ ಜೀವಾಳ. ಶಿವನ ಕುಣಿತವನ್ನು ಕಂಡು ಗುಂಡಯ್ಯನವರೂ ಕುಣಿದರು. ಭಕ್ತನ ಕುಣಿತವನ್ನು ಕಂಡು ಶಿವನು ಇನ್ನಷ್ಟು ಹಿಗ್ಗಿದನು. ಯಾರು ಯಾರಿಗೆ ತಾಳ ಹಾಕಿದರೆಂಬುದನ್ನು ಬಿಡಿಸಿ ಹೇಳುವುದು ಕಷ್ಟ. ಕಡೆಗೆ ಶಿವನು ಗುಂಡಯ್ಯನವರನ್ನು ಕೈಲಾಸಕ್ಕೆ ಬರಮಾಡಿಕೊಂಡನು.

ಕೇತಲದೇವಿಯವರ ಮಾತನ್ನು ಇಲ್ಲಿ ಬಿಡಲಾಗದು. ಪವಾಡದ ಬೆಳಕಿನಲ್ಲಿ ಆಕೆಯ ಹೆಸರು ಮಸುಕಾಗುವುದುಂಟು. ಕುಂಭೇಶ್ವರನ ಅಂಕಿತದಲ್ಲಿ ಆಕೆಯ ವಚನವು ಉಳಿದುಬಂದಿದೆ. ಹದವಾಗದ ಮಣ್ಣು ಮಡಕೆಯಾಗದೆಂಬುದನ್ನು ನಿತ್ಯವೂ ಕಂಡಿದ್ದ ಆ ತಾಯಿ, ಅದನ್ನೇ ಅಳತೆಗೋಲಾಗಿ ಹಿಡಿದು, ವ್ರತಹೀನರ ಸಂಗವನ್ನು ತಾನು ಒಲ್ಲೆನೆಂದು ನೇರವಾಗಿ ಸಾರಿದ್ದಾರೆ.