ಯೋಸೆಫ್ ದೊಬ್ರೊವ್‌ಸ್ಕಿ

ಯೋಸೆಫ್ ದೊಬ್ರೊವ್‌ಸ್ಕಿ (17 ಆಗಸ್ಟ್ 1753 – 6 ಜನವರಿ 1829) ಬೊಹೀಮಿಯಾದ ಭಾಷಾವಿದ್ವಾಂಸರು, ಇತಿಹಾಸಕಾರರು ಹಾಗೂ ಕ್ಯಾಥೊಲಿಕ್ ಪಾದ್ರಿ. ಆಧುನಿಕ ಚೆಕ್ ಸಾಹಿತ್ಯಭಾಷೆಗೆ ಆಧಾರವಾದ ವ್ಯಾಕರಣವನ್ನು ರಚಿಸಿದವರು ಇವರೇ. ಸ್ಲಾವಿಕ್ ಭಾಷೆಗಳ ತೌಲನಿಕ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿಯೂ ಇವರು ಪ್ರಮುಖರು. ಜರ್ಮನ್ ಮಾತನಾಡುವ ಪರಿಸರದಲ್ಲಿ ಬೆಳೆದ ಇವರಿಗೆ ಚೆಕ್ ಬಾಲ್ಯದ ಮಾತಾಗಿರಲಿಲ್ಲ, ಶಾಲೆಗೆ ಸೇರಿದ ಮೇಲೆ ಕಲಿತ ಭಾಷೆಯಾಗಿತ್ತು. ತಮ್ಮ ಮುಖ್ಯ ಗ್ರಂಥಗಳನ್ನು ಇವರು ಜರ್ಮನ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಬರೆದರು.

ಜನನ ಮತ್ತು ಬಾಲ್ಯ

ದೊಬ್ರೊವ್‌ಸ್ಕಿ ಹಂಗೇರಿಯ ಗ್ಯಾರ್ಮತ್ ಎಂಬ ಊರಿನಲ್ಲಿ ಜನಿಸಿದರು. ಇವರ ತಂದೆ ಯಾಕುಬ್ ಆಸ್ಟ್ರಿಯಾದ ಸೈನ್ಯದಲ್ಲಿ ಯೋಧರಾಗಿದ್ದು, ಆ ಸಮಯದಲ್ಲಿ ಅವರ ಪಡೆ ಅಲ್ಲಿ ಬೀಡುಬಿಟ್ಟಿತ್ತು. ಕುಟುಂಬದ ಹೆಸರು ದೌಬ್ರಾವ್‌ಸ್ಕಿ. ದಾಖಲೆಯಲ್ಲಿ ಅದನ್ನು ತಪ್ಪಾಗಿ ಬರೆದುದರಿಂದ ದೊಬ್ರೊವ್‌ಸ್ಕಿ ಎಂಬ ರೂಪವೇ ಉಳಿಯಿತು. ಬಳಿಕ ಕುಟುಂಬವು ಬೊಹೀಮಿಯಾದ ಹೊರ್ಶೊವ್‌ಸ್ಕಿ ತೀನ್ ಪಟ್ಟಣದಲ್ಲಿ ನೆಲೆಸಿತು. ಅಲ್ಲಿ ಬಾಲಕನ ಸುತ್ತ ಕೇಳಿಬರುತ್ತಿದ್ದುದು ಜರ್ಮನ್. ನೆಮೆತ್ಸ್ಕಿ ಬ್ರೋದ್ (ಇಂದಿನ ಹಾವ್ಲಿಚ್ಕೂವ್ ಬ್ರೋದ್) ಪಟ್ಟಣದ ಪ್ರೌಢಶಾಲೆಗೆ ಸೇರಿದ ಮೇಲೆ ಇವರು ಚೆಕ್ ಕಲಿತರು.

ಶಿಕ್ಷಣ ಮತ್ತು ಕೈಗೂಡದ ಭಾರತ ಯಾತ್ರೆ

ಕ್ಲಾತೊವಿಯಲ್ಲಿ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳ ಬಳಿ ಓದಿ, ಪ್ರಾಗ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದ ದೊಬ್ರೊವ್‌ಸ್ಕಿ 1772ರಲ್ಲಿ ಬ್ರನೋ ನಗರದಲ್ಲಿ ಯೇಸುಸಭೆಯನ್ನು ಸೇರಿದರು. ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಭಾರತದ ಪ್ರದೇಶಕ್ಕೆ ಧರ್ಮಪ್ರಚಾರಕರಾಗಿ ಹೊರಡುವುದು ಇವರ ಉದ್ದೇಶವಾಗಿತ್ತು. ಆ ಪ್ರದೇಶದ ಕೇಂದ್ರ ಕಾರವಾರಕ್ಕೆ ನೆರೆಯ ಗೋವಾ. ಅಲ್ಲಿ ಕೆಲಸ ಮಾಡಿದ್ದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ರಚಿಸಿದ ಕೊಂಕಣಿ ವ್ಯಾಕರಣ 1640ರಷ್ಟು ಹಿಂದೆಯೇ ಮುದ್ರಣಗೊಂಡಿತ್ತು. ಆದರೆ 1773ರಲ್ಲಿ ಪೋಪ್ 14ನೆಯ ಕ್ಲೆಮೆಂಟ್ ಯೇಸುಸಭೆಯನ್ನೇ ವಿಸರ್ಜಿಸಿದ್ದರಿಂದ ಈ ಯಾತ್ರೆ ನಡೆಯಲಿಲ್ಲ. ದೊಬ್ರೊವ್‌ಸ್ಕಿ ಪ್ರಾಗ್‌ಗೆ ಹಿಂದಿರುಗಿ ದೇವತಾಶಾಸ್ತ್ರದ ಅಧ್ಯಯನವನ್ನು ಮುಂದುವರಿಸಿದರು ಮತ್ತು ಹೀಬ್ರೂ ಮೊದಲಾದ ಪ್ರಾಚ್ಯ ಭಾಷೆಗಳ ಕಡೆಗೆ ಒಲಿದರು.

ಇವರ ವಿಮರ್ಶಕ ಬುದ್ಧಿ ಮೊದಲಿಗೆ ಪ್ರಕಟವಾದದ್ದು 1778ರಲ್ಲಿ. ಪ್ರಾಗ್‌ನಲ್ಲಿ ಪೂಜ್ಯವಸ್ತುವಾಗಿ ಕಾಯ್ದಿಡಲಾಗಿದ್ದ ಸುವಾರ್ತೆಯ ಕೆಲವು ಹಾಳೆಗಳನ್ನು ಸಂತ ಮಾರ್ಕನೇ ಸ್ವಹಸ್ತದಿಂದ ಬರೆದನೆಂದು ನಂಬಲಾಗಿತ್ತು. ಆ ಹಾಳೆಗಳು ಮಾರ್ಕನ ಕೈಬರಹವಲ್ಲ, ನಂತರದ ಕಾಲದ ಲ್ಯಾಟಿನ್ ಪ್ರತಿಯ ಭಾಗ ಎಂದು ಇಪ್ಪತ್ತೈದು ವರ್ಷದ ದೊಬ್ರೊವ್‌ಸ್ಕಿ ತೋರಿಸಿಕೊಟ್ಟರು.

ವೃತ್ತಿಜೀವನ

1776ರಿಂದ ಇವರು ನೊಸ್ಟಿಟ್ಸ್ ಎಂಬ ಶ್ರೀಮಂತ ಮನೆತನದಲ್ಲಿ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರಾಗಿದ್ದರು. ಅದೇ ಮನೆಯಲ್ಲಿ ಇತಿಹಾಸಕಾರ ಫ್ರಾಂಟಿಶೆಕ್ ಮಾರ್ಟಿನ್ ಪೆಲ್ಟ್ಸಲ್ ಅವರ ಒಡನಾಟ ದೊರೆಯಿತು. ಬೊಹೀಮಿಯಾದ ಹಳೆಯ ಗ್ರಂಥಗಳ ಮೇಲಿನ ಆಸಕ್ತಿ ಈ ಒಡನಾಟದಿಂದ ಬಲವಾಯಿತು. 1782ರಲ್ಲಿ ಬೇಟೆಯ ವೇಳೆ ಆಕಸ್ಮಿಕವಾಗಿ ಎದೆಗೆ ಗುಂಡು ತಗುಲಿದರೂ ಬದುಕುಳಿದರು. 1786ರಲ್ಲಿ ಪಾದ್ರಿ ದೀಕ್ಷೆ ಪಡೆದರು. 1787ರಲ್ಲಿ ಓಲೊಮೌಟ್ಸ್ ಬಳಿಯ ಹ್ರಾದಿಸ್ಕೊ ಗುರುಮಠದ ಉಪಮುಖ್ಯಸ್ಥರಾಗಿ, 1789ರಲ್ಲಿ ಮುಖ್ಯಸ್ಥರಾಗಿ ನೇಮಕಗೊಂಡರು. ಮರುವರ್ಷವೇ ಆ ಸಂಸ್ಥೆಯನ್ನು ಮುಚ್ಚಲಾಯಿತು. ಅಲ್ಲಿಂದಾಚೆಗೆ ಇವರು ಯಾವ ದೊಡ್ಡ ಹುದ್ದೆಯನ್ನೂ ವಹಿಸದೆ ಸಂಶೋಧನೆಯಲ್ಲಿಯೇ ನಿರತರಾದರು.

1791ರಲ್ಲಿ ಚಕ್ರವರ್ತಿ ಎರಡನೆಯ ಲಿಯೊಪೋಲ್ಡ್ ಪ್ರಾಗ್‌ನ ವಿಜ್ಞಾನ ಸಂಘಕ್ಕೆ ಭೇಟಿ ನೀಡಿದಾಗ ದೊಬ್ರೊವ್‌ಸ್ಕಿ ಅವನ ಮುಂದೆ ಉಪನ್ಯಾಸ ಮಾಡಿ, ಸ್ಲಾವ್ ಜನರು ಸಾಮ್ರಾಜ್ಯಕ್ಕೆ ನಿಷ್ಠರಾಗಿರುವುದನ್ನು ವಿವರಿಸಿ, ಚೆಕ್ ಭಾಷೆಗೆ ರಕ್ಷಣೆ ಕೋರಿದರು. ಮರುವರ್ಷ ಸ್ವೀಡನ್‌ಗೆ ಪ್ರಯಾಣ ಬೆಳೆಸಿ, ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡಿಷ್ ಸೈನಿಕರು ಬೊಹೀಮಿಯಾದಿಂದ ಕೊಂಡೊಯ್ದ ಹಸ್ತಪ್ರತಿಗಳನ್ನು ಹುಡುಕಿದರು. ಅಲ್ಲಿಂದ ಫಿನ್ಲೆಂಡ್ ಮಾರ್ಗವಾಗಿ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೋಗಳಿಗೂ ಹೋದರು. ಆ ಶತಮಾನದ ಕೊನೆಯ ವರ್ಷಗಳಿಂದ ಮಾನಸಿಕ ಅಸ್ವಸ್ಥತೆ ಇವರನ್ನು ಆಗಾಗ ಕಾಡಿತು. ಮುಖ್ಯ ಗ್ರಂಥಗಳಲ್ಲಿ ಹಲವು ಹೊರಬಂದದ್ದು ಈ ಕಾಯಿಲೆ ಕಾಣಿಸಿಕೊಂಡ ನಂತರವೇ.

ವ್ಯಾಕರಣ ಕಾರ್ಯ

1620ರ ಶ್ವೇತಪರ್ವತ ಕದನದಲ್ಲಿ ಬೊಹೀಮಿಯಾದ ಬಂಡಾಯ ಸೋತ ಬಳಿಕ ಆಡಳಿತ ಮತ್ತು ಉನ್ನತ ವಿದ್ಯೆಗಳಲ್ಲಿ ಚೆಕ್ ಭಾಷೆಯ ಸ್ಥಾನ ಕುಗ್ಗುತ್ತ ಬಂದಿತು. ದೊಬ್ರೊವ್‌ಸ್ಕಿಯವರ ಕಾಲಕ್ಕೆ ಅದು ಹೆಚ್ಚಾಗಿ ಹಳ್ಳಿಗರ ಮತ್ತು ಕುಶಲಕರ್ಮಿಗಳ ಆಡುಮಾತಾಗಿತ್ತು. ಬರೆಯುವವರಲ್ಲಿ ಏಕರೂಪತೆ ಇರಲಿಲ್ಲ. ಕೆಲವರು ತಮಗೆ ತೋಚಿದಂತೆ ಹೊಸ ಪದಗಳನ್ನೂ ಪ್ರತ್ಯಯಗಳನ್ನೂ ಕಟ್ಟುತ್ತಿದ್ದರು.

1809ರಲ್ಲಿ ಪ್ರಕಟವಾದ ಇವರ ವಿಸ್ತೃತ ಚೆಕ್ ವ್ಯಾಕರಣವು ಈ ಸ್ಥಿತಿಯನ್ನು ಬದಲಿಸಿತು. 16ನೆಯ ಶತಮಾನದ ಉತ್ತಮ ಗದ್ಯವನ್ನು ಪ್ರಮಾಣವಾಗಿ ಇಟ್ಟುಕೊಂಡು ಇವರು ಸೂತ್ರಗಳನ್ನು ನಿರೂಪಿಸಿದರು. ಹಿಂದಿನ ಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿ ಇಟ್ಟುಕೊಂಡು ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕ್ರಮ ಕನ್ನಡದ ಓದುಗರಿಗೆ ಇಲ್ಲಿ ನೆನಪಾಗಬಹುದು. ಪದಗಳನ್ನು ಧಾತು ಮತ್ತು ಪ್ರತ್ಯಯಗಳಾಗಿ ಬಿಡಿಸಿ ಪದರಚನೆಯ ನಿಯಮಗಳನ್ನು ತೋರಿಸಿದ್ದು, ಕ್ರಿಯಾಪದಗಳನ್ನು ಭಾವರೂಪದ ಆಧಾರದ ಮೇಲೆ ಆರು ವರ್ಗಗಳಾಗಿ ವಿಂಗಡಿಸಿದ್ದು ಈ ಗ್ರಂಥದ ಹೆಚ್ಚುಗಾರಿಕೆ. ಚೆಕ್ ಬರವಣಿಗೆಯಲ್ಲಿ ‘ಇ’ ಧ್ವನಿಗೆ ಎರಡು ಅಕ್ಷರಗಳಿದ್ದು, ಕೆಲವು ವ್ಯಂಜನಗಳ ಮುಂದೆ ಯಾವುದನ್ನು ಬರೆಯಬೇಕು ಎಂಬುದರಲ್ಲಿ ಗೊಂದಲವಿತ್ತು. ಸಮಾನ ಪದರೂಪಗಳನ್ನು ಹೋಲಿಸಿ ಅದನ್ನು ತೀರ್ಮಾನಿಸಬೇಕೆಂಬ ಇವರ ಸಲಹೆ ಕಾಲಕ್ರಮೇಣ ಅಂಗೀಕೃತವಾಯಿತು.

ಇಂತಹ ವಿಂಗಡಣೆ ಏಕೆ ಅಗತ್ಯವಾಯಿತು ಎಂಬುದು ಚೆಕ್ ಕಲಿಯುವವರಿಗೆ ಮೊದಲ ಪಾಠಗಳಲ್ಲಿಯೇ ತಿಳಿಯುತ್ತದೆ. ಚೆಕ್‌ನಲ್ಲಿ ಮೂರು ಲಿಂಗಗಳೂ ಏಳು ವಿಭಕ್ತಿಗಳೂ ಇವೆ. ಸಂಬೋಧನೆಯನ್ನು ಅಲ್ಲಿ ಒಂದು ವಿಭಕ್ತಿಯಾಗಿ ಎಣಿಸಲಾಗುತ್ತದೆ. ‘ರಿಬ’ ಎಂದರೆ ಮೀನು, ‘ರಿಬಿ’ ಮೀನಿನ, ‘ರಿಬ್ಯೆ’ ಮೀನಿಗೆ, ‘ರಿಬು’ ಮೀನನ್ನು, ‘ರಿಬೌ’ ಮೀನಿನಿಂದ. ಇಷ್ಟರವರೆಗೆ ಕನ್ನಡಿಗರಿಗೆ ಇದು ಹೊಸದಲ್ಲ. ಆದರೆ ಕನ್ನಡದಲ್ಲಿ ‘ಅನ್ನು’, ‘ಇಂದ’ ಮುಂತಾದ ಪ್ರತ್ಯಯಗಳು ಎಲ್ಲ ನಾಮಪದಗಳಿಗೂ ಬಹುಮಟ್ಟಿಗೆ ಒಂದೇ ಆಗಿದ್ದರೆ, ಚೆಕ್‌ನಲ್ಲಿ ಲಿಂಗ ಮತ್ತು ಪದಾಂತ್ಯಗಳಿಗೆ ಅನುಗುಣವಾಗಿ ಬೇರೆಯಾಗುತ್ತವೆ. ‘ರಿಬ’ ಸ್ತ್ರೀಲಿಂಗ, ಅದರ ಚತುರ್ಥಿ ‘ರಿಬ್ಯೆ’. ಕೋಟೆ ಎಂಬರ್ಥದ ‘ಹ್ರದ್’ ಪುಲ್ಲಿಂಗ, ಅದರ ಚತುರ್ಥಿ ‘ಹ್ರದು’. ಆದ್ದರಿಂದ ಕಲಿಯುವವರು ಮೊದಲು ಪದದ ಲಿಂಗವನ್ನು ಗುರುತಿಸಿ, ಬಳಿಕ ಅದು ಯಾವ ಮಾದರಿಗೆ ಸೇರುತ್ತದೆಂದು ನೋಡಿ, ಆಮೇಲೆ ಪ್ರತ್ಯಯವನ್ನು ಹಚ್ಚಬೇಕಾಗುತ್ತದೆ. ಮುಂದಿನ ಹಂತದಲ್ಲಿ ಕ್ರಿಯಾಪದಗಳ ಜೋಡಿಗಳು ಎದುರಾಗುತ್ತವೆ. ‘ಪ್ಸಾತ್’ ಎಂದರೆ ಬರೆಯುತ್ತಿರುವುದು, ‘ನಪ್ಸತ್’ ಎಂದರೆ ಬರೆದು ಮುಗಿಸುವುದು.

ಹಳೆಯ ಗದ್ಯವನ್ನು ಪ್ರಮಾಣವಾಗಿ ಆರಿಸಿಕೊಂಡದ್ದರಿಂದ ಇನ್ನೊಂದು ಪರಿಣಾಮವೂ ಉಂಟಾಯಿತು. ಬೊಹೀಮಿಯಾದ ಆಡುಮಾತು ಎರಡು ಶತಮಾನಗಳಲ್ಲಿ ಬಹಳಷ್ಟು ಬದಲಾಗಿತ್ತು. ಒಳ್ಳೆಯ ಎಂಬರ್ಥದ ಪದ ಗ್ರಂಥಭಾಷೆಯಲ್ಲಿ ‘ದೊಬ್ರೀ’ ಆಗಿದ್ದರೆ ಜನರ ಬಾಯಲ್ಲಿ ‘ದೊಬ್ರೇಯ್’. ಈ ಅಂತರ ಇಂದಿಗೂ ಉಳಿದಿದ್ದು, ಚೆಕ್ ಕಲಿಯುವ ಪರಭಾಷಿಕರು ಪುಸ್ತಕದ ಭಾಷೆಯನ್ನೂ ಬೀದಿಯ ಭಾಷೆಯನ್ನೂ ಬೇರೆಬೇರೆಯಾಗಿ ಅಭ್ಯಾಸ ಮಾಡಬೇಕಾಗುತ್ತದೆ.

ಹಸ್ತಪ್ರತಿ ವಿವಾದ

1817 ಮತ್ತು 1818ರಲ್ಲಿ ಪ್ರಾಚೀನ ಚೆಕ್ ಕಾವ್ಯಗಳೆಂದು ಹೇಳಲಾದ ಎರಡು ಹಸ್ತಪ್ರತಿಗಳು ಬೆಳಕಿಗೆ ಬಂದವು. ಮೊದಲನೆಯದನ್ನು ಪತ್ತೆ ಮಾಡಿದೆನೆಂದವರು ದೊಬ್ರೊವ್‌ಸ್ಕಿಯವರ ಶಿಷ್ಯ ವಾತ್ಸ್ಲಾವ್ ಹಾಂಕಾ. ಅದನ್ನು ದೊಬ್ರೊವ್‌ಸ್ಕಿ ಆರಂಭದಲ್ಲಿ ನಿಜವೆಂದು ಒಪ್ಪಿದ್ದರು. ಎರಡನೆಯದಾದ ಜೆಲೆನಾ ಹೋರಾ ಹಸ್ತಪ್ರತಿಯನ್ನು ಮಾತ್ರ 1824ರಲ್ಲಿ ನಕಲಿಯೆಂದು ಬಹಿರಂಗವಾಗಿ ಸಾರಿದರು. ತಮ್ಮ ಭಾಷೆಗೆ ಪ್ರಾಚೀನತೆಯ ಹಿರಿಮೆ ದೊರೆಯಿತೆಂದು ಹಿಗ್ಗಿದ್ದ ಕಿರಿಯ ತಲೆಮಾರಿನ ವಿದ್ವಾಂಸರು ಇದರಿಂದ ಕೆರಳಿ, ಇವರಿಗೆ ದೇಶಾಭಿಮಾನವಿಲ್ಲವೆಂದು ಆರೋಪಿಸಿದರು. ದೊಬ್ರೊವ್‌ಸ್ಕಿ ತಮ್ಮ ತೀರ್ಮಾನದಿಂದ ಹಿಂದೆ ಸರಿಯಲಿಲ್ಲ. 1886ರ ನಂತರ ಭಾಷಾವಿದ್ವಾಂಸ ಯಾನ್ ಗೆಬೌವರ್ ಹಾಗೂ ಮುಂದೆ ಚೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷರಾದ ಟೊಮಾಷ್ ಮಸಾರಿಕ್ ಮೊದಲಾದವರು ಎರಡು ಹಸ್ತಪ್ರತಿಗಳೂ ನಕಲಿಯೆಂಬುದನ್ನು ಸಾಧಾರವಾಗಿ ಪ್ರತಿಪಾದಿಸಿದರು.

ನಿಧನ

ದೊಬ್ರೊವ್‌ಸ್ಕಿ ಅಧ್ಯಯನ ಪ್ರವಾಸದಲ್ಲಿದ್ದಾಗ ಅಸ್ವಸ್ಥರಾಗಿ, 6 ಜನವರಿ 1829ರಂದು ಬ್ರನೋ ನಗರದಲ್ಲಿ ನಿಧನರಾದರು. ಅಲ್ಲಿಯೇ ಅವರ ಅಂತ್ಯಕ್ರಿಯೆ ನಡೆಯಿತು.

ಪ್ರಭಾವ ಮತ್ತು ಮೌಲ್ಯಮಾಪನ

ಚೆಕ್ ಭಾಷೆ ಮತ್ತೆ ಉನ್ನತ ಸಾಹಿತ್ಯ ಹಾಗೂ ಶಾಸ್ತ್ರಗಳ ಮಾಧ್ಯಮವಾಗಬಲ್ಲದೇ ಎಂಬ ವಿಷಯದಲ್ಲಿ ದೊಬ್ರೊವ್‌ಸ್ಕಿಯವರಿಗೆ ಗಾಢವಾದ ಸಂದೇಹವಿತ್ತು. ಆದರೂ ಆ ಪುನರುಜ್ಜೀವನಕ್ಕೆ ಅಗತ್ಯವಾದ ಸಾಧನಗಳನ್ನು ಸಿದ್ಧಪಡಿಸಿದವರು ಅವರೇ. ಅವರ ವ್ಯಾಕರಣದ ಆಧಾರದ ಮೇಲೆ ಯೋಸೆಫ್ ಯುಂಗ್‌ಮನ್ 1834ರಿಂದ 1839ರವರೆಗೆ ಐದು ಸಂಪುಟಗಳ ಚೆಕ್–ಜರ್ಮನ್ ನಿಘಂಟನ್ನು ಹೊರತಂದರು. ಒಂದು ಶತಮಾನದೊಳಗೆ ಚೆಕ್ ಸ್ವತಂತ್ರ ರಾಷ್ಟ್ರವೊಂದರ ಆಡಳಿತ ಭಾಷೆಯಾಯಿತು. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದಂತೆ, ದೊಬ್ರೊವ್‌ಸ್ಕಿ ಚೆಕ್ ವ್ಯಾಕರಣವನ್ನು ಜರ್ಮನ್‌ನಲ್ಲಿ ಬರೆದರು. ಭಾಷೆಯನ್ನು ಹಂತಹಂತವಾಗಿ ಕಲಿತವರ ಶ್ರಮ ಆ ಭಾಷೆಯನ್ನಾಡುವವರಿಗೇ ದಾರಿಯಾದುದಕ್ಕೆ ಎರಡೂ ನಿದರ್ಶನಗಳು.

ಇವರು ಕಟ್ಟಿದ ಭಾಷಾಧ್ಯಯನದ ಪರಂಪರೆ ಬೊಹೀಮಿಯಾದಲ್ಲಿ ಮುಂದುವರಿಯಿತು. 20ನೆಯ ಶತಮಾನದಲ್ಲಿ ದ್ರಾವಿಡ ಭಾಷೆಗಳನ್ನು ಕುರಿತು ಮಹತ್ವದ ಸಂಶೋಧನೆ ನಡೆಸಿದ ಕಾಮಿಲ್ ಜ್ವೆಲೆಬಿಲ್ ಕೂಡ ಚೆಕ್ ವಿದ್ವಾಂಸರೇ. ಪ್ರಾಗ್‌ನ ಕಾಂಪಾ ದ್ವೀಪದಲ್ಲಿ ದೊಬ್ರೊವ್‌ಸ್ಕಿಯವರ ಸ್ಮಾರಕವಿದೆ.

ಪ್ರಮುಖ ಕೃತಿಗಳು

- ಬೊಹೀಮಿಯನ್ ಭಾಷೆ ಮತ್ತು ಸಾಹಿತ್ಯದ ಇತಿಹಾಸ (ಜರ್ಮನ್, 1792)
- ಜರ್ಮನ್–ಬೊಹೀಮಿಯನ್ ನಿಘಂಟು (ಎರಡು ಭಾಗಗಳು, 1802 ಮತ್ತು 1821)
- ಬೊಹೀಮಿಯನ್ ಭಾಷೆಯ ವಿಸ್ತೃತ ವ್ಯಾಕರಣ (ಜರ್ಮನ್, 1809, ಎರಡನೆಯ ಆವೃತ್ತಿ 1819)
- ಪ್ರಾಚೀನ ಸ್ಲಾವಿಕ್ ಭಾಷೆಯ ವ್ಯಾಕರಣ (ಲ್ಯಾಟಿನ್, 1822)